ಕೆಡದೆಯೂ ವಾಪಸಾಗುವ ಮಾಲು: ಇಯರ್‌ಫೋನಿನ ಕಿವಿನೋವು ಮತ್ತು ಕೇಬಲ್ ಸದ್ದು

ವಿದ್ಯುನ್ಮಾನ ಸರಕುಗಳ ವ್ಯಾಪಾರದಲ್ಲಿ ಗ್ರಾಹಕರು ಮಾಲನ್ನು ಹಿಂದಿರುಗಿಸಿದರೆಂದರೆ ಅದು ಕೆಟ್ಟಿರಬೇಕೆಂದು ಭಾವಿಸುವುದು ವಾಡಿಕೆ. ಕಿವಿಯ ನಾಳದೊಳಕ್ಕೆ ಸೇರಿಸಿ ಬಳಸುವ ಇಯರ್‌ಫೋನುಗಳ ವಿಷಯದಲ್ಲಿ ಈ ಊಹೆಯು ಅನೇಕ ವೇಳೆ ತಪ್ಪಾಗುತ್ತದೆ. ಧ್ವನಿ ಸರಿಯಾಗಿ ಬರುತ್ತಿರುತ್ತದೆ, ತಂತಿ ತುಂಡಾಗಿರುವುದಿಲ್ಲ, ಪ್ಲಗ್ ಸಡಿಲವಾಗಿರುವುದಿಲ್ಲ. ಆದರೂ ಮಾಲು ಅಂಗಡಿಗೆ ಮರಳುತ್ತದೆ. ವಿಚಾರಿಸಿದರೆ ಬರುವ ದೂರುಗಳು ಮುಖ್ಯವಾಗಿ ಎರಡು. ಒಂದು, 'ಅರ್ಧ ಗಂಟೆ ಹಾಕಿಕೊಂಡರೆ ಕಿವಿ ನೋಯುತ್ತದೆ' ಅಥವಾ 'ಕಿವಿಯಲ್ಲಿ ನಿಲ್ಲುವುದೇ ಇಲ್ಲ' ಎಂಬುದು. ಇನ್ನೊಂದು, 'ನಡೆದಾಡಿದರೆ ವೈರು ಬಟ್ಟೆಗೆ ತಾಗಿ ಕಿವಿಯಲ್ಲಿ ಗರಗರ ಎನ್ನುತ್ತದೆ' ಎಂಬುದು.

ಈ ಎರಡು ದೂರುಗಳ ಮೂಲವು ಸಾಮಾನ್ಯವಾಗಿ ವಿದ್ಯುತ್ ಭಾಗದಲ್ಲಿರುವುದಿಲ್ಲ. ಅದು ಇಯರ್‌ಫೋನಿನ ತುದಿಯ ರಬ್ಬರಿನಲ್ಲಿ, ಕೇಬಲಿನ ಹೊದಿಕೆಯಲ್ಲಿ ಮತ್ತು ಕೇಬಲನ್ನು ಧರಿಸುವ ಕ್ರಮದಲ್ಲಿ ಇರುತ್ತದೆ. ಯಾವ ಉಪಕರಣವೂ ಇಲ್ಲದೆ ಅಂಗಡಿಯ ಕಟ್ಟೆಯ ಮೇಲೆಯೇ ಇದನ್ನು ಪತ್ತೆಹಚ್ಚಬಹುದು. ಪರಿಹಾರದ ಖರ್ಚೂ ಅಲ್ಪ. ಈ ಅಂಶಗಳನ್ನು ಮಾರಾಟಗಾರರಿಗೂ ಸಣ್ಣ ತಯಾರಕರಿಗೂ ಉಪಯೋಗವಾಗುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ವಾಪಸಾತಿಯ ಲೆಕ್ಕ

ಮೊದಲಿಗೆ ಹಣದ ಮಾತು. ಉದಾಹರಣೆಗಾಗಿ ವರ್ತಕರೊಬ್ಬರು ತಲಾ 200 ರೂಪಾಯಿಯಂತೆ 100 ಇಯರ್‌ಫೋನುಗಳನ್ನು ಖರೀದಿಸಿ ತಲಾ 280 ರೂಪಾಯಿಗೆ ಮಾರುತ್ತಾರೆಂದು ಇಟ್ಟುಕೊಳ್ಳೋಣ. ತೆರಿಗೆ ಮತ್ತು ಅಂಗಡಿಯ ಖರ್ಚುಗಳನ್ನು ಬದಿಗಿಟ್ಟರೆ ಎಲ್ಲವೂ ಮಾರಾಟವಾದಾಗ ಉಳಿಯುವುದು 8,000 ರೂಪಾಯಿ. ಇವುಗಳಲ್ಲಿ 8 ನಗಗಳು ಮರಳಿ ಬಂದು, ಹಣ ಹಿಂದಿರುಗಿಸಬೇಕಾಯಿತು ಎನ್ನಿ. ಕಿವಿಯೊಳಗೆ ಇಟ್ಟ ವಸ್ತುವನ್ನು ಇನ್ನೊಬ್ಬರಿಗೆ ಹೊಸದೆಂದು ಮಾರುವಂತಿಲ್ಲವಾದ್ದರಿಂದ ಆ 8 ನಗಗಳು ದಂಡವೇ ಸರಿ. ಆಗ ಕೈಗೆ ಬರುವುದು 92 ನಗಗಳ 25,760 ರೂಪಾಯಿ; ಬಂಡವಾಳ ಕಳೆದರೆ ಉಳಿಯುವುದು 5,760. ಅಂದರೆ ನೂರಕ್ಕೆ 8ರಷ್ಟು ವಾಪಸಾತಿಯು ಲಾಭದಲ್ಲಿ ನೂರಕ್ಕೆ 28ರಷ್ಟನ್ನು ತಿಂದುಹಾಕುತ್ತದೆ.

ಇದೇ ವರ್ತಕರು ಪ್ರತಿ ನಗದೊಂದಿಗೆ 5 ರೂಪಾಯಿಯ ಹೆಚ್ಚುವರಿ ರಬ್ಬರ್ ಜೊತೆ ಮತ್ತು ಕ್ಲಿಪ್ ಕೊಟ್ಟರೆಂದು ತಿಳಿಯೋಣ. ಒಟ್ಟು ಖರ್ಚು 500 ರೂಪಾಯಿ. ಒಂದು ವಾಪಸಾತಿಯನ್ನು ತಪ್ಪಿಸಿದರೆ 280 ರೂಪಾಯಿ ಉಳಿಯುವುದರಿಂದ, ನೂರರಲ್ಲಿ ಕೇವಲ ಎರಡನ್ನು ತಪ್ಪಿಸಿದರೂ ಈ ಖರ್ಚು ಹುಟ್ಟುತ್ತದೆ. ದರಗಳು ಊರಿಂದೂರಿಗೆ ಬೇರೆಯಾಗಬಹುದು. ಸದಸ್ಯರು ತಮ್ಮ ಖರೀದಿ ದರ ಮತ್ತು ವಾಪಸಾತಿಯ ಸಂಖ್ಯೆಯನ್ನು ಹಾಕಿ ಇದೇ ಲೆಕ್ಕವನ್ನು ಮಾಡಿ ನೋಡಬೇಕು.

ಕಿವಿ ಏಕೆ ನೋಯುತ್ತದೆ?

ವಯಸ್ಕರ ಕಿವಿಯ ನಾಳವು ಸುಮಾರು 25 ಮಿ.ಮೀ. ಉದ್ದ ಹಾಗೂ ಸುಮಾರು 7 ಮಿ.ಮೀ. ಅಗಲವಾಗಿರುತ್ತದೆ. ಅದು ನೇರವಾದ ಕೊಳವೆಯಲ್ಲ. ಒಳಗೆ ಸ್ವಲ್ಪ ಡೊಂಕಾಗಿ, ಅಂಡಾಕಾರದ ಅಡ್ಡಕೊಯ್ತವನ್ನು ಹೊಂದಿರುತ್ತದೆ. ಹೊರಗಿನ ಮೂರನೆಯ ಒಂದು ಭಾಗವು ಮೃದ್ವಸ್ಥಿಯಿಂದ ಕೂಡಿದ್ದು ಬಾಗಬಲ್ಲದು. ಒಳಗಿನ ಉಳಿದ ಭಾಗದಲ್ಲಿ ಮೂಳೆಯ ಮೇಲೆ ತೆಳುವಾದ ಚರ್ಮ ಮಾತ್ರ ಇರುವುದರಿಂದ ಅಲ್ಲಿ ಒತ್ತಿದರೆ ನೋವು ಹೆಚ್ಚು. ದವಡೆ ಆಡಿಸಿದಾಗ ಹೊರಭಾಗದ ಆಕಾರ ಬದಲಾಗುತ್ತದೆ. ಆದಕಾರಣವೇ ಮಾತನಾಡುವಾಗ, ಊಟ ಮಾಡುವಾಗ ಇಯರ್‌ಫೋನ್ ಸಡಿಲಗೊಳ್ಳುತ್ತದೆ. ಕೆಲವರಿಗೆ ನಾಳದ ಚರ್ಮವನ್ನು ಮುಟ್ಟಿದರೆ ಕೆಮ್ಮು ಬರುವುದುಂಟು. ಅಲ್ಲಿಗೆ ಬರುವ ನರದ ಕವಲಿನಿಂದ ಉಂಟಾಗುವ ಪ್ರತಿಕ್ರಿಯೆ ಇದು, ಮಾಲಿನ ದೋಷವಲ್ಲ.

ಕಿವಿಯ ಅಳತೆಯು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಒಬ್ಬರದೇ ಎಡ ಮತ್ತು ಬಲ ಕಿವಿಗಳೂ ಸಮನಾಗಿರಬೇಕೆಂದಿಲ್ಲ. ಆದ್ದರಿಂದ ಪೆಟ್ಟಿಗೆಯಲ್ಲಿ ಜೋಡಿಸಿ ಬರುವ ಮಧ್ಯಮ ಅಳತೆಯ ರಬ್ಬರ್ ಎಲ್ಲರಿಗೂ ಒಪ್ಪುವುದಿಲ್ಲ. ಅಳತೆ ದೊಡ್ಡದಾದರೆ ನಾಳದ ಗೋಡೆಯನ್ನು ಒತ್ತಿ ನೋವುಂಟುಮಾಡುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಅಳತೆ ಚಿಕ್ಕದಾದರೂ ನೋವು ಬರುತ್ತದೆ ಎಂಬುದು ಅನೇಕರಿಗೆ ತಿಳಿಯದು. ಚಿಕ್ಕ ರಬ್ಬರ್ ನಾಳವನ್ನು ಮುಚ್ಚುವುದಿಲ್ಲ. ಮುಚ್ಚದಿದ್ದರೆ ಮಂದ್ರ ಸ್ವರಗಳು ಸೋರಿಹೋಗುತ್ತವೆ. 'ಬೇಸ್ ಇಲ್ಲ' ಎಂದು ಗ್ರಾಹಕರು ಅದನ್ನು ಇನ್ನೂ ಒಳಕ್ಕೆ ತಳ್ಳುತ್ತಾರೆ. ಆಗ ಗಟ್ಟಿಯಾದ ಕೊಳವೆಯಂಥ ಮೂತಿ ನಾಳಕ್ಕೆ ತಾಗಿ ನೋಯುತ್ತದೆ. ಜೊತೆಗೆ ಸದ್ದನ್ನೂ ಏರಿಸುತ್ತಾರೆ. ಅದು ಶ್ರವಣಶಕ್ತಿಗೆ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟಗಳು 2018ರಲ್ಲಿ ಪ್ರಕಟಿಸಿದ ಸುರಕ್ಷಿತ ಆಲಿಸುವಿಕೆಯ ಮಾನದಂಡವು ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್ ಎಂಬ ಮಿತಿಯನ್ನೂ, ಮಕ್ಕಳಿಗೆ 75 ಡೆಸಿಬೆಲ್ ಮಿತಿಯನ್ನೂ ಸೂಚಿಸಿದೆ.

ರಬ್ಬರಿನ ಹೊರತಾಗಿ ನೋವಿಗೆ ಇನ್ನೂ ಮೂರು ಕಾರಣಗಳಿವೆ: ಮೂತಿಯು ದಪ್ಪವಾಗಿರುವುದು, ಹೊರಕವಚದ ಅಂಚು ಕಿವಿಯ ಹಾಲೆಯ ಒಳಗುಳಿಗೆ ಒತ್ತುವುದು, ಮತ್ತು ಕವಚದಲ್ಲಿ ಗಾಳಿರಂಧ್ರವಿಲ್ಲದೆ ಒಳಗೆ ತಳ್ಳಿದಾಗ ಗಾಳಿಯ ಒತ್ತಡ ಏರುವುದು. ಇವು ಅಚ್ಚಿನಲ್ಲಿಯೇ ಇರುವ ಕೊರತೆಗಳಾದ್ದರಿಂದ ಅಂಗಡಿಯಲ್ಲಿ ಸರಿಪಡಿಸಲಾಗದು. ಖರೀದಿಯ ಸಮಯದಲ್ಲಿಯೇ ನೋಡಿಕೊಳ್ಳಬೇಕು.

ಕೇಬಲ್ ಏಕೆ ಸದ್ದು ಮಾಡುತ್ತದೆ?

ಖಾಲಿ ಬೆಂಕಿಪೊಟ್ಟಣಗಳೆರಡಕ್ಕೆ ದಾರ ಕಟ್ಟಿ ಮಕ್ಕಳು ದೂರವಾಣಿ ಆಡುವುದನ್ನು ಎಲ್ಲರೂ ಬಲ್ಲರು. ದಾರದ ಕಂಪನವು ಪೊಟ್ಟಣಕ್ಕೆ ತಲುಪಿ ಅಲ್ಲಿ ಶಬ್ದವಾಗುತ್ತದೆ. ಇಯರ್‌ಫೋನಿನ ಕೇಬಲಿನಲ್ಲಿ ನಡೆಯುವುದೂ ಇದೇ. ಕೇಬಲ್ ಅಂಗಿಯ ಕಾಲರಿಗೆ ಉಜ್ಜಿದಾಗ, ಗುಂಡಿಗೆ ಬಡಿದಾಗ ಹುಟ್ಟುವ ಕಂಪನವು ಹೊದಿಕೆಯ ಮೂಲಕ ಮೇಲಕ್ಕೆ ಸಾಗಿ, ಕವಚವನ್ನು ನಡುಗಿಸಿ, ಮುಚ್ಚಿದ ಕಿವಿನಾಳದ ಗಾಳಿಗೆ ತಲುಪುತ್ತದೆ. ವೈದ್ಯರ ಸ್ಟೆತೊಸ್ಕೋಪಿನ ನಳಿಕೆಗೆ ಬೆರಳು ತಾಗಿಸಿದರೆ ಕೇಳುವ ಸದ್ದನ್ನು ಇದಕ್ಕೆ ಹೋಲಿಸಬಹುದು. ಈ ವ್ಯಾಪಾರದಲ್ಲಿ ಇದನ್ನು ಮೈಕ್ರೊಫೋನಿಕ್ಸ್ ಎನ್ನುತ್ತಾರೆ.

ಕಿವಿಯ ಬಾಯಲ್ಲಿ ಸುಮ್ಮನೆ ಕೂರುವ ಹಳೆಯ ಮಾದರಿಯ ಇಯರ್‌ಫೋನುಗಳಲ್ಲಿ ಈ ದೂರು ವಿರಳವಾಗಿತ್ತು. ಏಕೆಂದರೆ ಅಲ್ಲಿ ನಾಳ ತೆರೆದಿರುತ್ತದೆ. ಕಡಿಮೆ ಕಂಪನಾಂಕದ ಸದ್ದು ಹೊರಗೆ ಸೋರಿಹೋಗುತ್ತದೆ. ನಾಳವನ್ನು ಮುಚ್ಚಿದೊಡನೆ ಆ ದಾರಿ ಕಟ್ಟುತ್ತದೆ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಮಾತನಾಡಿದರೆ ನಮ್ಮ ದನಿ ನಮಗೇ ಗುಂಯ್ಗುಡುವುದು ಇದರಿಂದಲೇ. ಹೊರಭಾಗದಲ್ಲಿ ಮಾತ್ರ ಮುಚ್ಚಿದಾಗ ದೇಹದೊಳಗಿನ ಮಂದ್ರ ಸದ್ದುಗಳು 20 ಡೆಸಿಬೆಲ್‌ವರೆಗೂ ಏರಬಹುದು. ಹೆಜ್ಜೆಯ ಸಪ್ಪಳ, ಅಗಿಯುವ ಸದ್ದು, ಉಸಿರಾಟ ಎಲ್ಲವೂ ದೊಡ್ಡದಾಗಿ ಕೇಳುತ್ತವೆ. ಹೊರಗಿನ ಗದ್ದಲವನ್ನು ತಡೆಯುವ ಗುಣಕ್ಕೆ ತೆರಬೇಕಾದ ಬೆಲೆ ಇದು.

ಇದು ಅಗ್ಗದ ಮಾಲಿಗೆ ಮಾತ್ರ ಅಂಟಿದ ಸಮಸ್ಯೆಯಲ್ಲ. ಅಮೆರಿಕದ ಎಟಿಮೋಟಿಕ್ ರಿಸರ್ಚ್ ಸಂಸ್ಥೆಯು 1991ರಲ್ಲಿ ಹೊರತಂದ ಇಆರ್-4 ಎಂಬ ದುಬಾರಿ ಇಯರ್‌ಫೋನು ಧ್ವನಿಯ ನಿಖರತೆಗೆ ಹೆಸರಾಯಿತು. ಅದರ ಕೇಬಲ್ ಸದ್ದೂ ಅಷ್ಟೇ ಪ್ರಸಿದ್ಧವಾಯಿತು. ಕೇಬಲನ್ನು ಅಂಗಿಗೆ ಸಿಕ್ಕಿಸುವ ಪುಟ್ಟ ಕ್ಲಿಪ್ಪನ್ನು ಅದರೊಂದಿಗೆ ಕೊಡಲಾಗುತ್ತಿತ್ತು. ವೇದಿಕೆಯ ಸಂಗೀತಗಾರರಿಗಾಗಿ ತಯಾರಾಗುವ ಮಾನಿಟರುಗಳಲ್ಲಿ ಕೇಬಲನ್ನು ಕಿವಿಯ ಮೇಲಿನಿಂದ ಹಿಂದಕ್ಕೆ ಇಳಿಸುವ ಕ್ರಮ ರೂಢಿಗೆ ಬಂದಿತು. ಈ ಎರಡು ಉಪಾಯಗಳೇ ಇಂದಿಗೂ ಅತ್ಯಂತ ಅಗ್ಗದ ಮತ್ತು ಪರಿಣಾಮಕಾರಿ ಪರಿಹಾರಗಳಾಗಿವೆ.

ದೋಷವೋ, ಸ್ವಭಾವವೋ: ಒಂದು ಸರಳ ಪರೀಕ್ಷೆ

'ಸದ್ದು ಬರುತ್ತದೆ' ಎಂದು ಗ್ರಾಹಕರು ಬಂದಾಗ ಮೊದಲು ಪ್ಲಗ್ಗನ್ನು ಫೋನಿನಿಂದ ತೆಗೆಯಬೇಕು. ಇಯರ್‌ಫೋನು ಅವರ ಕಿವಿಯಲ್ಲಿಯೇ ಇರಲಿ. ಈಗ ಕೇಬಲಿಗೆ ಬೆರಳಿನಿಂದ ಮೆಲ್ಲನೆ ತಟ್ಟಬೇಕು, ಬಟ್ಟೆಯ ಮೇಲೆ ಉಜ್ಜಬೇಕು.

1. ಪ್ಲಗ್ ತೆಗೆದಾಗಲೂ ಅದೇ ಸದ್ದು ಕೇಳಿದರೆ ಅದು ಯಾಂತ್ರಿಕ ಕಂಪನ. ವಿದ್ಯುತ್ ದೋಷವಲ್ಲ. ಧರಿಸುವ ಕ್ರಮ ಬದಲಿಸಿದರೆ ಕಡಿಮೆಯಾಗುತ್ತದೆ.

2. ಪ್ಲಗ್ ಹಾಕಿದಾಗ ಮಾತ್ರ, ಅದೂ ಕೇಬಲನ್ನು ಒಂದು ಜಾಗದಲ್ಲಿ ಬಾಗಿಸಿದಾಗ ಚಟಚಟ ಸದ್ದು ಬಂದರೆ ಅಥವಾ ಒಂದು ಕಿವಿಯ ಧ್ವನಿ ಬಂದುಹೋದರೆ, ಒಳಗಿನ ಎಳೆ ತುಂಡಾಗಿದೆ ಇಲ್ಲವೆ ಬೆಸುಗೆ ಬಿಟ್ಟಿದೆ. ಇದು ನಿಜವಾದ ದೋಷ. ಮಾಲನ್ನು ಪೂರೈಕೆದಾರರಿಗೆ ಮರಳಿಸಬೇಕು.

3. ಪ್ಲಗ್ಗನ್ನು ಸಾಕೆಟ್ಟಿನಲ್ಲಿ ತಿರುಗಿಸಿದಾಗ ಮಾತ್ರ ಸದ್ದು ಬಂದರೆ ಬೇರೊಂದು ಫೋನಿನಲ್ಲಿ ಹಾಕಿ ನೋಡಬೇಕು. ಅಲ್ಲಿ ಸರಿಯಿದ್ದರೆ ಕೊರತೆ ಗ್ರಾಹಕರ ಫೋನಿನ ಸಾಕೆಟ್ಟಿನದು. ಒಳಗೆ ಕಸ ಸೇರಿರುವುದೂ ಉಂಟು.

ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಇದನ್ನು ಮಾಡದೆ ಮೂರೂ ಬಗೆಯ ಮಾಲನ್ನು ಒಂದೇ ಚೀಲದಲ್ಲಿ ಸಗಟು ವ್ಯಾಪಾರಿಗೆ ಕಳುಹಿಸಿದರೆ, ಪರೀಕ್ಷಿಸಿದಾಗ ಬಹುಪಾಲು ಸರಿಯಾಗಿ ಹಾಡುವುದರಿಂದ ನಿಜವಾಗಿ ಕೆಟ್ಟ ನಗಗಳಿಗೂ ಬದಲಿ ಸಿಗದೆ ಹೋಗುತ್ತದೆ.

ಮಾರಾಟದ ವೇಳೆ ಹೇಳಿಕೊಡಬೇಕಾದದ್ದು

ಧರಿಸುವಾಗ ಒಂದು ಕೈಯಿಂದ ಕಿವಿಯ ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲನೆ ಎಳೆದರೆ ನಾಳ ನೇರವಾಗುತ್ತದೆ. ಆಗ ಇನ್ನೊಂದು ಕೈಯಿಂದ ತುಸು ತಿರುಗಿಸುತ್ತ ಸೇರಿಸಬೇಕು. ರಬ್ಬರ್ ಸರಿಯಾಗಿ ಕುಳಿತಿದೆಯೆಂಬುದಕ್ಕೆ ಗುರುತು ಎರಡು: ಹೊರಗಿನ ಗದ್ದಲ ತಟಕ್ಕನೆ ತಗ್ಗುತ್ತದೆ, ಮಂದ್ರ ಸ್ವರ ತುಂಬಿ ಬರುತ್ತದೆ. ಬೇಕಾದರೆ ಎಡಕ್ಕೊಂದು ಬಲಕ್ಕೊಂದು ಅಳತೆಯನ್ನು ಹಾಕಿಕೊಳ್ಳಬಹುದೆಂದು ತಿಳಿಸಬೇಕು. ತೆಗೆಯುವಾಗ ಕೇಬಲ್ ಹಿಡಿದು ಎಳೆಯದೆ ಕವಚವನ್ನು ಹಿಡಿದು ನಿಧಾನವಾಗಿ ತಿರುಗಿಸಿ ತೆಗೆಯಬೇಕು.

ಸಿಲಿಕೋನ್ ರಬ್ಬರ್ ತೊಳೆಯಲು ಸುಲಭ, ಬಾಳಿಕೆ ಹೆಚ್ಚು. ಆದರೆ ಬೆವರಿನಲ್ಲಿ ಜಾರುತ್ತದೆ. ಫೋಮ್ ತುದಿಯನ್ನು ಬೆರಳಿನಿಂದ ಹಿಸುಕಿ ಸೇರಿಸಿದರೆ ಒಳಗೆ ನಿಧಾನವಾಗಿ ಅರಳಿ ನಾಳದ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಹೀಗಾಗಿ ನೋವಿನ ದೂರಿಗೆ ಅದು ಒಳ್ಳೆಯ ಉಪಾಯ. ಆದರೆ ಬೆವರು ಮತ್ತು ಗುಗ್ಗೆಯನ್ನು ಹೀರಿಕೊಳ್ಳುವುದರಿಂದ ಬೇಗ ಹಾಳಾಗುತ್ತದೆ. ಕರಾವಳಿಯಂಥ ಸೆಕೆಯ ಪ್ರದೇಶದ ವರ್ತಕರು ಇದನ್ನು ಮೊದಲೇ ತಿಳಿಸಿ ಮಾರುವುದು ಕ್ಷೇಮ.

ಕೇಬಲ್ ಸದ್ದಿಗೆ ಪರಿಹಾರಗಳು ಕ್ರಮವಾಗಿ ಹೀಗಿವೆ: ಆಕಾರವು ಅವಕಾಶ ಕೊಟ್ಟರೆ ಕೇಬಲನ್ನು ಕಿವಿಯ ಮೇಲಿನಿಂದ ಸುತ್ತಿ ಇಳಿಸುವುದು, ಕವಲಿನ ಮೇಲಿರುವ ಜಾರುಮಣಿಯನ್ನು ಗದ್ದದ ಕೆಳಕ್ಕೆ ಏರಿಸುವುದು, ಕ್ಲಿಪ್ಪಿನಿಂದ ಅಂಗಿಗೆ ಸಿಕ್ಕಿಸುವುದು, ಕೇಬಲನ್ನು ಅಂಗಿಯ ಒಳಗಿನಿಂದ ಹಾಯಿಸುವುದು. ಕಿವಿ ಮತ್ತು ಕ್ಲಿಪ್ಪು ಕಂಪನವನ್ನು ಹೀರಿಕೊಂಡು ಮುಂದಕ್ಕೆ ಬಿಡುವುದಿಲ್ಲ. ಹೆಜ್ಜೆಯ ಸಪ್ಪಳ ಮಾತ್ರ ಇವುಗಳಿಂದ ಹೋಗದು. ಓಟಕ್ಕೆ ಹೋಗುವ ಗ್ರಾಹಕರಿಗೆ ನಾಳವನ್ನು ಮುಚ್ಚದ ಮಾದರಿಯನ್ನೇ ತೋರಿಸುವುದು ಉತ್ತಮ. ರಸ್ತೆಯಲ್ಲಿ ವಾಹನದ ಸದ್ದು ಕೇಳುವ ದೃಷ್ಟಿಯಿಂದಲೂ ಅದು ಸುರಕ್ಷಿತ.

ಖರೀದಿಗೆ ಮುನ್ನ ಸ್ಯಾಂಪಲ್ ಪರೀಕ್ಷೆ

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಸಗಟು ಮಾರುಕಟ್ಟೆಯಲ್ಲಿ ಕೊಳ್ಳುವವರು ಧ್ವನಿಯನ್ನು ಮಾತ್ರ ಕೇಳಿ ಲಾಟನ್ನು ಒಪ್ಪಿಕೊಳ್ಳಬಾರದು. ಹೊಸ ರಬ್ಬರ್ ಹಾಕಿದ ಸ್ಯಾಂಪಲನ್ನು ಕನಿಷ್ಠ ಅರ್ಧ ಗಂಟೆ ಧರಿಸಿ, ಅಷ್ಟು ಹೊತ್ತು ನಡೆದಾಡಿ ನೋಡಬೇಕು. ಜೊತೆಗೆ ಗಮನಿಸಬೇಕಾದ ಅಂಶಗಳು:

1. ಪೆಟ್ಟಿಗೆಯಲ್ಲಿ ಮೂರು ಅಳತೆಯ ರಬ್ಬರುಗಳಿವೆಯೇ? ಅವು ನಿಜವಾಗಿಯೂ ಬೇರೆ ಬೇರೆ ಅಳತೆಯವೇ?

2. ರಬ್ಬರನ್ನು ಎಳೆದರೆ ಮೂತಿಯಿಂದ ಸುಲಭವಾಗಿ ಕಳಚುತ್ತದೆಯೇ? ಹಾಗಿದ್ದರೆ ಆ ಲಾಟನ್ನು ನಿರಾಕರಿಸಬೇಕು. ರಬ್ಬರ್ ಕಿವಿಯೊಳಗೆ ಉಳಿದುಬಿಟ್ಟರೆ ಅದನ್ನು ತೆಗೆಸಲು ವೈದ್ಯರ ಬಳಿಗೆ ಹೋಗಬೇಕಾಗುತ್ತದೆ.

3. ಕೇಬಲನ್ನು ಸುತ್ತಿ ಬಿಟ್ಟರೆ ಸಡಿಲವಾಗಿ ಬೀಳುತ್ತದೆಯೇ, ಸ್ಪ್ರಿಂಗಿನಂತೆ ನಿಲ್ಲುತ್ತದೆಯೇ? ಬಿರುಸಾದ ಕೇಬಲ್ ಹೆಚ್ಚು ಕಂಪನವನ್ನು ಒಯ್ಯುತ್ತದೆ.

4. ಹೊದಿಕೆಯ ಮೇಲೆ ಉಗುರಿನಿಂದ ಗೀರಿದಾಗ ಎಷ್ಟು ಸದ್ದು ಬರುತ್ತದೆ? ಬಟ್ಟೆ ನೇಯ್ದ ಹೊದಿಕೆ ನೋಡಲು ಗಟ್ಟಿಮುಟ್ಟಾಗಿ ಕಂಡರೂ ಒರಟಾಗಿರುವುದರಿಂದ ಸಾಮಾನ್ಯವಾಗಿ ಹೆಚ್ಚು ಉಜ್ಜುತ್ತದೆ. ಚಪ್ಪಟೆ ಕೇಬಲ್ ಗಂಟಾಗುವುದು ಕಡಿಮೆ. ಆದರೆ ಒಂದು ದಿಕ್ಕಿಗೆ ಮಾತ್ರ ಬಾಗುತ್ತದೆ. ದಪ್ಪವಾದ ಕೇಬಲ್ ಎಂದರೆ ಒಳ್ಳೆಯ ಕೇಬಲ್ ಎಂಬ ನಂಬಿಕೆಯನ್ನು ಬಿಡಬೇಕು.

5. ಕೇಬಲ್ ಕವಚವನ್ನು ಸೇರುವಲ್ಲಿ ಮೃದುವಾದ ರಬ್ಬರ್ ಕೊರಳಪಟ್ಟಿ ಇದೆಯೇ? ಅದು ಎಳೆಗಳು ತುಂಡಾಗದಂತೆ ಕಾಯುತ್ತದೆ. ಮೃದುವಾಗಿದ್ದಷ್ಟೂ ಕಂಪನವನ್ನೂ ತಗ್ಗಿಸುತ್ತದೆ.

ಸಣ್ಣ ತಯಾರಕರಿಗೆ

ಇಯರ್‌ಫೋನಿನ ಸ್ಪೀಕರ್ ಭಾಗವನ್ನು ತಯಾರಿಸುವುದು ಸಣ್ಣ ಘಟಕಗಳಿಗೆ ಕಷ್ಟಸಾಧ್ಯ. ರಬ್ಬರ್ ತುದಿ, ಕ್ಲಿಪ್, ಜಾರುಮಣಿ, ಕೊರಳಪಟ್ಟಿಗಳು ಹಾಗಲ್ಲ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ರಬ್ಬರ್ ಮತ್ತು ಪ್ಲಾಸ್ಟಿಕ್ ಅಚ್ಚಿನ ಕೆಲಸ ಮಾಡುತ್ತಿರುವ ಘಟಕಗಳ ಕೈಗೆಟಕುವ ವಸ್ತುಗಳಿವು. ಗಮನ ಬೇಕಾದದ್ದು ನಾಲ್ಕು ಕಡೆ. ಅಚ್ಚಿನ ಎರಡು ಭಾಗಗಳು ಕೂಡುವಲ್ಲಿ ಉಳಿಯುವ ತೆಳು ಅಂಚು ಕಿವಿಯ ಚರ್ಮವನ್ನು ಗೀರದಂತೆ ಕೂಡುರೇಖೆಯನ್ನು ಒಳಭಾಗದಲ್ಲಿ ಬರುವಂತೆ ಅಚ್ಚನ್ನು ವಿನ್ಯಾಸಗೊಳಿಸಬೇಕು. ಸಿಲಿಕೋನನ್ನು ಅಚ್ಚಿನಿಂದ ತೆಗೆದ ಬಳಿಕ ಒಲೆಯಲ್ಲಿ ಮತ್ತೆ ಕಾಯಿಸುವ ಪೋಸ್ಟ್ ಕ್ಯೂರಿಂಗ್ ಹಂತವನ್ನು ಉಳಿತಾಯದ ಆಸೆಗೆ ಬಿಡಬಾರದು. ಬಿಟ್ಟರೆ ವಾಸನೆಯೂ ಉಳಿಕೆ ರಾಸಾಯನಿಕಗಳೂ ಉಳಿಯಬಹುದು. ಕಿವಿಗೆ ತಾಗುವ ಹೊರ ಅಂಚು ಮೃದುವಾಗಿಯೂ ಮೂತಿಯನ್ನು ಹಿಡಿಯುವ ಒಳ ಕೊಳವೆ ಗಟ್ಟಿಯಾಗಿಯೂ ಇರಬೇಕು. ಒಂದೇ ಗಡಸುತನದ ವಸ್ತುವಿನಲ್ಲಿ ಇದನ್ನು ದಪ್ಪದ ವ್ಯತ್ಯಾಸದಿಂದ ಸಾಧಿಸಬೇಕಾಗುತ್ತದೆ. ಕೊನೆಯದಾಗಿ, ಪ್ರತಿ ಲಾಟಿನಿಂದ ಕೆಲವನ್ನು ತೆಗೆದು ಎಳೆದು ನೋಡಿ, ಕಳಚಲು ಬೇಕಾದ ಬಲವನ್ನು ಬರೆದಿಡಬೇಕು. ಕಚ್ಚಾ ವಸ್ತುವು ಚರ್ಮಕ್ಕೆ ಹಾನಿಕರವಲ್ಲವೆಂಬ ವರದಿಯನ್ನು ಪೂರೈಕೆದಾರರಿಂದ ಪಡೆದು ಕಡತದಲ್ಲಿರಿಸಿದರೆ ದೊಡ್ಡ ಖರೀದಿದಾರರೊಡನೆ ಮಾತುಕತೆಗೆ ಅನುಕೂಲ.

ಕಾನೂನಿನ ಅಂಶಗಳು

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದೋಷಯುಕ್ತ ಮಾಲನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿಯನ್ನು ನಮೂದಿಸಿರದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ. ಬಿಲ್ಲು ಕೊಡದಿರುವುದೂ ಅದೇ ವರ್ಗಕ್ಕೆ ಸೇರುತ್ತದೆ. ಆದ್ದರಿಂದ 'ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ' ಎಂಬ ಫಲಕವನ್ನು ನೆಚ್ಚಿಕೊಳ್ಳುವುದು ಸರಿಯಲ್ಲ. ಮೇಲೆ ಹೇಳಿದ ಪ್ಲಗ್ ಪರೀಕ್ಷೆಯ ಫಲಿತಾಂಶವನ್ನು ಬಿಲ್ಲಿನ ಪ್ರತಿಯ ಮೇಲೆ ಬರೆದಿಟ್ಟರೆ ಮುಂದೆ ವಿವಾದಕ್ಕೆ ಎಡೆಯಿರುವುದಿಲ್ಲ.

ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳು, 2011ರಂತೆ ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಆಮದು ಮಾಲಾದರೆ ಮೂಲ ದೇಶ, ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿಗೆ ಸಂಪರ್ಕ ವಿವರ ಮುಂತಾದವು ಇರಬೇಕು. ಹೆಚ್ಚುವರಿ ರಬ್ಬರ್ ಮತ್ತು ಕ್ಲಿಪ್ ಕೊಡುವ ವರ್ತಕರು ಮೊಹರಾದ ಪೊಟ್ಟಣವನ್ನು ಒಡೆದು ಒಳಗಿಡದೆ ಪ್ರತ್ಯೇಕವಾಗಿ ಕೈಗೆ ಕೊಡುವುದು ಲೇಸು. ಪೂರೈಕೆದಾರರಿಗೆ ಮಾಲು ಮರಳಿಸಿದಾಗ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ 34ನೆಯ ಕಲಮಿನಂತೆ ಕ್ರೆಡಿಟ್ ನೋಟ್ ಪಡೆಯಲು ಮರೆಯಬಾರದು.

ತಂತಿರಹಿತ ಕಾಲದಲ್ಲಿ

ಆಪಲ್ ಸಂಸ್ಥೆಯು 2016ರಲ್ಲಿ ತನ್ನ ಐಫೋನ್ 7ರಿಂದ ಇಯರ್‌ಫೋನ್ ಸಾಕೆಟ್ಟನ್ನು ತೆಗೆದುಹಾಕಿದಂದಿನಿಂದ ತಂತಿರಹಿತ ಮಾದರಿಗಳು ಮಾರುಕಟ್ಟೆಯನ್ನು ವ್ಯಾಪಿಸಿವೆ. ಹಾಗಾದರೆ ಈ ಪಾಠ ಹಳತಾಯಿತೇ ಎಂದು ಸದಸ್ಯರು ಕೇಳಬಹುದು. ಕೇಬಲೇ ಇಲ್ಲದಲ್ಲಿ ಕೇಬಲ್ ಸದ್ದಿಲ್ಲವೆಂಬುದು ನಿಜ. ಆದರೆ ಕೊರಳಪಟ್ಟಿ ಮಾದರಿಯಲ್ಲಿ ಗಿಡ್ಡ ಕೇಬಲುಗಳು ಉಳಿದಿವೆ. ಅವು ಕಾಲರಿಗೆ ಉಜ್ಜುತ್ತವೆ. ಪೂರ್ಣ ತಂತಿರಹಿತ ಮಾದರಿಯಲ್ಲಿ ಬ್ಯಾಟರಿಯ ತೂಕವೂ ಗಾತ್ರವೂ ಕಿವಿಯ ಮೇಲೆಯೇ ಬೀಳುವುದರಿಂದ ನೋವಿನ ದೂರು ಕಡಿಮೆಯಾಗುವ ಬದಲು ಹೆಚ್ಚಾಗುವ ಸಂಭವವಿದೆ. ಅವುಗಳ ಬೆಲೆ ಹೆಚ್ಚಾದಷ್ಟೂ ಒಂದು ವಾಪಸಾತಿಯ ನಷ್ಟವೂ ಹೆಚ್ಚು. ಇನ್ನು ತಂತಿಯ ಮಾದರಿಗಳಿಗೆ ಕಡಿಮೆ ಬೆಲೆಯ ಕಾರಣದಿಂದಲೂ, ಚಾರ್ಜು ಮಾಡುವ ಗೊಡವೆ ಇಲ್ಲದ ಕಾರಣದಿಂದಲೂ ಬೇಡಿಕೆ ಉಳಿದೇ ಇದೆ.

ಮಾಲನ್ನು ಕೊಡುವ ಮುನ್ನ ಎರಡು ನಿಮಿಷ ವ್ಯಯಿಸಿ ಸರಿಯಾದ ಅಳತೆಯ ರಬ್ಬರನ್ನು ಹುಡುಕಿಕೊಟ್ಟು, ಕೇಬಲನ್ನು ಧರಿಸುವ ಕ್ರಮವನ್ನು ತೋರಿಸಿದ ಅಂಗಡಿಗೆ ಗ್ರಾಹಕರು ಮತ್ತೊಮ್ಮೆ ಬರುತ್ತಾರೆ. ಅದು ಹಣ ವಾಪಸು ಕೇಳಲು ಅಲ್ಲ, ಇನ್ನೊಂದನ್ನು ಕೊಳ್ಳಲು. ಸದಸ್ಯರು ಮುಂದಿನ ತಿಂಗಳು ವಾಪಸಾಗುವ ಪ್ರತಿಯೊಂದು ಇಯರ್‌ಫೋನಿನ ಕಾರಣವನ್ನು ನೋವು, ಕೇಬಲ್ ಸದ್ದು, ನಿಜವಾದ ದೋಷ ಎಂಬ ಮೂರು ಕಾಲಮುಗಳಲ್ಲಿ ಬರೆದಿಡುವುದರಿಂದ ಆರಂಭಿಸಬಹುದು. ನಷ್ಟವು ಯಾವ ಕಡೆಯಿಂದ ಸೋರುತ್ತಿದೆಯೆಂಬುದನ್ನು ಆ ಪುಟವೇ ತಿಳಿಸುತ್ತದೆ.